ಮುಳ್ಳಿಲ್ಲದ ಮೀನು

ನನ್ನ ಸ್ವಂತ ಅಕ್ಕನನ್ನು ನಾನು ‘ಮೇಡಂ’ ಎಂದು ಕರೆದೆ. ಗೊತ್ತಿಲ್ಲದೆ ಅಲ್ಲ, ತಮಾಷೆಗೂ ಅಲ್ಲ. ಅವಳು ನನಗೆ ಏನಾಗಬೇಕೆಂದು ಪಕ್ಕದಲ್ಲಿ ನಿಂತವರಿಗೆ ತಿಳಿಯಬಾರದು ಎಂದು ಕರೆದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಅಕ್ಕನೂ ಹೇಳಿಲ್ಲ. ನಾನು ಹೇಳದಿರುವುದು ಹೇಡಿತನ. ಅವಳು ಹೇಳದಿರುವುದು ಏನೆಂದು — ಅದಕ್ಕೆ ನನಗೆ ಶಬ್ದ ಗೊತ್ತಿಲ್ಲ.

ನಾನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆದು ಅಭ್ಯಾಸವಿಲ್ಲ. ಹಿಂದೆ ಮುಂದೆ ಆದರೆ ಓದುವವರು ಹೊಂದಿಸಿಕೊಳ್ಳಬೇಕು.

ಅಕ್ಕನ ಹೆಸರು ಗಿರಿಜಾ. ಮದುವೆಯಾದ ಸ್ವಲ್ಪ ಕಾಲದಲ್ಲೇ ಭಾವ ತೀರಿಕೊಂಡರು. ಆಮೇಲೆ ಅವಳು ಅಬುಧಾಬಿಗೆ ಹೋಗಿ ಹಮ್ದಾನ್ ಸ್ಟ್ರೀಟಿನ ಹಿಂದಿನ ಒಂದು ಫ್ಲಾಟಿನಲ್ಲಿ ಮನೆಕೆಲಸಕ್ಕೆ ಸೇರಿದಳು. ಅಡುಗೆ, ಪಾತ್ರೆ, ಮಕ್ಕಳು, ಎಲ್ಲ ಅವಳದೇ. ತನ್ನ ಮೇಡಂ ಹತ್ತಿರ ಕೇಳಿ ಕೇಳಿ, ಅವರ ಗಂಡನ ಗುರುತಿನವರ ಮೂಲಕ ನನಗೊಂದು ವೀಸಾ ಆಗುವಂತೆ ಮಾಡಿದವಳೂ ಅವಳೇ. ನಾನು ದುಬೈಗೆ ಇಳಿದದ್ದು ಹಾಗೆ. ಒಂದು ಹೋಟೆಲಿನ ಕೆಳಮಹಡಿಯಲ್ಲಿದ್ದ ಇಂಗ್ಲಿಷ್ ಪಬ್ಬಿನಲ್ಲಿ ಕೆಲಸ, ಅಲ್ಲೇ ಸತ್ವಾ ಎಂಬ ಪೇಟೆಯಲ್ಲಿ ಎಂಟು ಜನರ ರೂಮು.

ಆ ಪಬ್ಬು ನನಗೆ ಬಹಳ ಇಷ್ಟವಾಗಿತ್ತು. ಇದನ್ನೂ ಒಪ್ಪಿಕೊಳ್ಳಬೇಕು. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಬಾಗಿಲು ತಳ್ಳಿದರೆ ಸಂಜೆಯ ಹಾಗೆ ನಸುಗತ್ತಲೆ. ಕಪ್ಪು ಮರದ ತೊಲೆಗಳು, ಹಿತ್ತಾಳೆಯ ಕಂಬಿ, ಮೂಲೆಯಲ್ಲಿ ಬೆಂಕಿಗೂಡು. ಅದರೊಳಗೆ ಬೆಂಕಿಯಿಲ್ಲ, ಕೆಂಪು ಬಲ್ಬು. ಬಿಯರಿನಲ್ಲಿ ನೆನೆದ ಟವೆಲ್ಲಿನ ವಾಸನೆ, ಬಿಸಿ ಚಿಪ್ಸಿನ ಮೇಲೆ ಬಿದ್ದ ವಿನೆಗರಿನ ವಾಸನೆ. ಗ್ಲಾಸನ್ನು ಓರೆ ಹಿಡಿದು ನೊರೆ ಬೆರಳಷ್ಟೇ ನಿಲ್ಲುವಂತೆ ಬಿಯರ್ ತುಂಬಿಸುವುದನ್ನು ಕಲಿತ ದಿನ ನಾನೇನೋ ದೊಡ್ಡ ಮನುಷ್ಯನಾದಂತೆ ಅನ್ನಿಸಿತ್ತು. ಗಿರಾಕಿಗಳು ‘ಚಿಯರ್ಸ್, ಮೇಟ್’ ಎನ್ನುತ್ತಿದ್ದರು. ಊರಿನಲ್ಲಿ ನನ್ನನ್ನು ಹಾಗೆ ಸಮಕ್ಕೆ ಸಮ ಮಾತಾಡಿಸಿದವರು ಯಾರಿದ್ದರು?

ಅಲ್ಲಿಯ ಒಂದು ಪದ್ಧತಿಯನ್ನು ಹೇಳಲೇಬೇಕು. ಮೇಜಿನಲ್ಲಿ ಕೂತರೆ ಅಲ್ಲಿಗೆ ಯಾರೂ ಬರುವುದಿಲ್ಲ. ಏನು ಬೇಕೆಂದು ಕೌಂಟರಿಗೆ ಬಂದು ಹೇಳಬೇಕು. ಹೇಳಿದ ಮೇಲೆ ತಿಂಡಿ ಮೇಜಿಗೆ ಬರುತ್ತದೆ. ಹೇಳದಿದ್ದರೆ ಸಂಜೆಯವರೆಗೆ ಕೂತರೂ ಯಾಕೆ ಕೂತಿರಿ ಎಂದು ಕೇಳುವವರಿಲ್ಲ. ನಮ್ಮ ಮ್ಯಾನೇಜರ್ ಇಂಗ್ಲೆಂಡಿನವರು, ತಮ್ಮ ಊರಿನಲ್ಲಿ ಹೇಗೋ ಇಲ್ಲೂ ಹಾಗೇ ಎನ್ನುವವರು. ನಮ್ಮ ಕಡೆಯ ಹೋಟೆಲುಗಳಲ್ಲಿ ಕೂತ ಕೂಡಲೇ ನೀರಿನ ಲೋಟ ತಂದು ಕುಕ್ಕುತ್ತಾರಲ್ಲ, ‘ಎಂತ ಕೊಡ್ಲಿ?’ ಎಂದು ಕೇಳುತ್ತಾರಲ್ಲ, ಅದು ಇಲ್ಲಿಲ್ಲ. ಮೊದಲ ಸಲ ಬಂದ ನಮ್ಮ ದೇಶದವರು ಕೂತು ಕೂತು ಸಿಟ್ಟಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಹೋಗಿ ಮೆಲ್ಲನೆ ಹೇಳಿ ಬರುತ್ತಿದ್ದೆ.

ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳುತ್ತಿದ್ದೆ. ತೊಲೆ, ಬಲ್ಬಿನ ಬೆಂಕಿ, ತಟ್ಟೆಗಿಂತ ಉದ್ದದ ಮೀನು. ಈ ಪದ್ಧತಿಯೊಂದನ್ನು ಮಾತ್ರ ಹೇಳಿರಲಿಲ್ಲ.

“ಎಂತ ಮೀನು? ಅಂಜಲಾ?” ಎಂದು ಅವಳು ಕೇಳಿದ್ದಳು.

“ಅಲ್ಲ ಅಕ್ಕ, ಬೇರೆ ಜಾತಿ. ಬಿಳಿ. ಮೇಲೆ ಬಜ್ಜಿಯ ಹಾಗೆ ಹಿಟ್ಟು. ಒಂದೇ ಒಂದು ಮುಳ್ಳಿಲ್ಲ.”

“ಮುಳ್ಳೇ ಇಲ್ಲದ್ದು ಎಂಥ ಮೀನು ಮಾರಾಯ? ಹಾಗಾದ್ರೆ ನಿನಗೆ ಇನ್ನು ನಾನು ಬೇಡ ಬಿಡು!”

ಅವಳು ನಕ್ಕದ್ದು ಯಾಕೆಂದರೆ, ಸಣ್ಣವನಿದ್ದಾಗ ನನಗೆ ಮುಳ್ಳು ಬಿಡಿಸಿ ಕೊಡುತ್ತಿದ್ದವಳು ಅವಳು. ಬಂಗುಡೆಯ ಬೆನ್ನನ್ನು ಎರಡು ಬೆರಳಿನಲ್ಲಿ ಸೀಳಿ, ಮಾಂಸವನ್ನು ನನ್ನ ಗಂಜಿಯ ಪಕ್ಕಕ್ಕಿಟ್ಟು, ತಾನು ತಲೆ ಚೀಪುತ್ತಿದ್ದಳು. ತಲೆಯೇ ರುಚಿ ಎನ್ನುತ್ತಿದ್ದಳು. ನಾನು ನಂಬಿದ್ದೆ.

ಇನ್ನೊಂದು ವಿಷಯ. ಪಬ್ಬಿಗೆ ಸೇರಿದ ಹೊಸದರಲ್ಲಿ ರೋಶ್ನಿ ನನ್ನನ್ನು ಕೇಳಿದ್ದಳು, ಇಲ್ಲಿ ನಿನ್ನವರು ಯಾರಾದರೂ ಇದ್ದಾರಾ ಎಂದು. ರೋಶ್ನಿ ಮಂಗಳೂರಿನವಳು, ನನ್ನ ಜೊತೆ ಕೌಂಟರಿನಲ್ಲಿ ಕೆಲಸ. ಕಾಲೇಜು ಓದಿದವಳು, ಅವಳ ಚಿಕ್ಕಮ್ಮ ನರ್ಸು. ನನ್ನ ಬಾಯಿಂದ ತಟ್ಟನೆ ಬಂತು — “ಅಕ್ಕ ಇದ್ದಾಳೆ. ಅಬುಧಾಬಿಯಲ್ಲಿ, ಆಸ್ಪತ್ರೆಯಲ್ಲಿ. ಸ್ಟಾಫ್ ನರ್ಸ್.” ಯಾಕೆ ಹೇಳಿದೆ? ರೋಶ್ನಿಯ ಕಣ್ಣಿನಲ್ಲಿ ಸ್ವಲ್ಪ ಮೇಲೇರಬೇಕಿತ್ತು, ಅಷ್ಟೇ. ಒಮ್ಮೆ ಹೇಳಿದ ಮೇಲೆ ಆ ಸುಳ್ಳಿಗೆ ಅನ್ನ ಹಾಕುತ್ತಾ ಹೋದೆ. ನೈಟ್ ಡ್ಯೂಟಿ ಅಂತೆ, ಡಾಕ್ಟರು ಹೊಗಳಿದರಂತೆ...

ಒಂದು ದಿನ ಅಕ್ಕನ ಫೋನು ಬಂತು.

“ನವೀ, ನಮ್ಮ ಮೇಡಂ ಮಕ್ಕಳು ದೊಡ್ಡವರಾದ್ರು. ಇನ್ನು ಆಳು ಬೇಡವಂತೆ. ಖಲಾಸ್. ಬರುವ ವಾರ ನಾನು ಊರಿಗೆ. ಈ ಶುಕ್ರವಾರ ರಜೆ ಕೊಟ್ಟಿದ್ದಾರೆ, ನಿನ್ನಲ್ಲಿಗೆ ಬರ್ತೇನೆ.”

ನನಗೆ ತಟ್ಟನೆ ರೋಶ್ನಿ ನೆನಪಾದಳು. “ಸತ್ವಾಕ್ಕೆ ಬಾ ಅಕ್ಕ. ಡ್ಯೂಟಿ ಮುಗಿಸಿ ಬರ್ತೇನೆ. ಅಲ್ಲಿ ಉಡುಪಿ ಹೋಟೆಲ್ ಉಂಟು, ಒಳ್ಳೆ ಮಸಾಲೆದೋಸೆ.”

“ದೋಸೆ ನಾನು ದಿನಾ ಹೊಯ್ಯುದಿಲ್ವಾ? ನಂಗೆ ನಿನ್ನ ಪಬ್ಬಿಗೇ ಬರ್ಬೇಕು. ಇಷ್ಟು ವರ್ಷ ಎಲ್ಲರಿಗೂ ಬಡಿಸಿದ್ದಾಯ್ತು ಮಾರಾಯ. ಒಂದು ದಿನ ನಾನು ಕೂತ್ಕೊಳ್ತೇನೆ, ನೀನು ತಂದಿಡು. ಆ ಮುಳ್ಳಿಲ್ಲದ್ದು.”

ಅವಳು ನನ್ನ ಹತ್ತಿರ ಏನಾದರೂ ಕೇಳಿದ್ದರೆ ಅದು ಇದೊಂದೇ. ನಾನು ‘ಆಯ್ತು, ಬಾ’ ಎಂದೆ. ಬರಲಿಕ್ಕಿಲ್ಲ ಎಂದು ಒಳಗೊಳಗೆ ಆಶೆ ಪಟ್ಟೆ.

ಬಂದಳು.

ಶುಕ್ರವಾರ ಮಧ್ಯಾಹ್ನವೆಂದರೆ ನಮ್ಮಲ್ಲಿ ಕಾಲಿಡಲು ಜಾಗವಿಲ್ಲ. ರಜೆಯ ದಿನ, ಇಡೀ ಸಂಸಾರಗಳು ಮಾಂಸದ ರೋಸ್ಟ್ ತಿನ್ನಲು ಬರುತ್ತವೆ. ಬಾಗಿಲು ತೆರೆದಾಗ ಬೆಳಕಿನ ಜೊತೆ ಒಳಗೆ ಬಂದವಳು ಅಕ್ಕ. ಊರಿಗೆ ಹೋಗಲು ಎತ್ತಿಟ್ಟಿದ್ದ ಹಸಿರು ಸೀರೆ ಉಟ್ಟಿದ್ದಳು. ಎಣ್ಣೆ ಹಾಕಿ ಬಾಚಿದ ತಲೆ, ಕಾಲಿಗೆ ಮನೆಕೆಲಸದ ರಬ್ಬರ್ ಚಪ್ಪಲಿ, ಕೈಯಲ್ಲಿ ಸೂಪರ್ ಮಾರ್ಕೆಟ್ಟಿನ ಪ್ಲಾಸ್ಟಿಕ್ ಚೀಲ. ಕತ್ತಲೆಗೆ ಕಣ್ಣು ಹೊಂದುವವರೆಗೆ ಅಲ್ಲೇ ನಿಂತಳು. ಆಮೇಲೆ ನನ್ನನ್ನು ಕಂಡಳು, ನಕ್ಕಳು. ನಾನು ಬಗ್ಗಿ ಗ್ಲಾಸು ಹುಡುಕುವವನ ಹಾಗೆ ಮಾಡಿದೆ.

ನನಗೆ ಪುರುಸೊತ್ತಿಲ್ಲ ಎಂದುಕೊಂಡಿರಬೇಕು. ಬೆಂಕಿಗೂಡಿನ ಪಕ್ಕದ ಮೇಜಿನಲ್ಲಿ ಹೋಗಿ ಕೂತಳು. ಮೊದಲು ತಿಂದವರ ತಟ್ಟೆಗಳು ಅಲ್ಲೇ ಇದ್ದವು. ಕೈಕಟ್ಟಿ, ಬೆನ್ನು ನೆಟ್ಟಗೆ ಮಾಡಿ ಕೂತಳು — ಫೋಟೋಕ್ಕೆ ಕೂತವರ ಹಾಗೆ. ನಾನು ಬರುತ್ತೇನೆಂದು ಕಾದಳು.

ಹೋಗಬಹುದಿತ್ತು. ನಾಲ್ಕು ಹೆಜ್ಜೆ.

ಅವಳು ತೊಲೆಗಳನ್ನು ನೋಡಿದಳು. ಬೆಂಕಿಗೂಡಿನ ಹತ್ತಿರ ಕೈ ಹಿಡಿದು ಬಿಸಿಯಿಲ್ಲವೆಂದು ಗೊತ್ತಾಗಿ ತನ್ನಷ್ಟಕ್ಕೆ ನಕ್ಕಳು. ಪಕ್ಕದ ಮೇಜಿಗೆ ಮೀನು ಬಂದಾಗ ಕತ್ತು ಉದ್ದ ಮಾಡಿ, ನಾಚಿಕೆಯಾಗಿ ಕಣ್ಣು ತಿರುಗಿಸಿದಳು. ಅದನ್ನು ಅಲ್ಲಿಟ್ಟು ಬಂದವನು ನಾನು. ಅವಳ ಸೀರೆಯ ಸೆರಗು ತಾಗುವಷ್ಟು ಹತ್ತಿರ ಹೋಗಿ ಬಂದೆ. ಆಗಲೂ ಅವಳು ಕರೆಯಲಿಲ್ಲ. ‘ಮುಂದಿನದ್ದು ನನ್ನದು’ ಎಂಬ ಹಾಗೆ ಸ್ವಲ್ಪ ತಲೆಯಾಡಿಸಿದಳು.

ರೋಶ್ನಿ ನೋಡಿದಳು.

“ಅಲ್ಲಿ ಕೂತವರು ನಮ್ಮ ಊರಿನವರ ಹಾಗೆ ಕಾಣ್ತಾರಲ್ಲ? ಪಾಪ, ಗೊತ್ತಿಲ್ಲ ಅಂತ ಕಾಣ್ತದೆ. ನಾನು ಹೋಗಿ ಆರ್ಡರ್ ತಗೊಂಡು ಬರ್ಲಾ?”

“ಬೇಡ,” ಎಂದೆ. “ಯಾರನ್ನೋ ಕಾಯ್ತಿದ್ದಾರೆ.”

ನಾನು ಹೋಗದಿದ್ದದ್ದು ಒಂದು. ಹೋಗಲು ಹೊರಟವಳನ್ನು ತಡೆದದ್ದು ಅದಕ್ಕಿಂತ ದೊಡ್ಡದು.

ತುಂಬಾ ಹೊತ್ತಾಯಿತು. ಕೊನೆಗೆ ಅಕ್ಕ ಎದ್ದಳು. ಹೊರಟಳು ಎಂದುಕೊಂಡು ನನಗೆ — ಹೌದು, ಸಮಾಧಾನವೇ ಆಯಿತು. ಆದರೆ ಅವಳು ಹೊರಡಲಿಲ್ಲ. ಮೇಜಿನ ಮೇಲಿದ್ದ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಹುಡುಗರಿಗೆ ಪುರುಸೊತ್ತಿಲ್ಲ, ಮೇಜು ಖಾಲಿಯಾದರೆ ತನಗೂ ತಂದಿಡುತ್ತಾರೆ ಎಂದುಕೊಂಡಳೋ ಏನೋ. ಯಾರದೋ ಎಂಜಲನ್ನು ಎರಡೂ ಕೈಯಲ್ಲಿ ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು ನಾನಿದ್ದಲ್ಲಿಗೇ ಬಂದಳು. ಮುಖದಲ್ಲಿ ನಗು. ‘ನವೀ’ ಎನ್ನಲು ತುಟಿ ತೆರೆದಿತ್ತು. ರೋಶ್ನಿ ನನ್ನ ಮಗ್ಗುಲಲ್ಲೇ ಇದ್ದಳು.

ಅಕ್ಕ ಬಾಯಿಬಿಡುವ ಮೊದಲೇ ನಾನು ತಟ್ಟೆಗಳಿಗೆ ಕೈ ಹಾಕಿದೆ.

“ಥ್ಯಾಂಕ್ಯೂ, ಮೇಡಂ.”

ಒಂದು ಕ್ಷಣ ತಟ್ಟೆಗಳನ್ನು ಇಬ್ಬರೂ ಹಿಡಿದಿದ್ದೆವು. ಅವಳು ನನ್ನನ್ನು ನೋಡಿದಳು, ರೋಶ್ನಿಯನ್ನು ನೋಡಿದಳು, ಮತ್ತೆ ನನ್ನನ್ನು. ಎಲ್ಲವೂ ಗೊತ್ತಾಯಿತು ಅವಳಿಗೆ. ತುಟಿ ಮುಚ್ಚಿಕೊಂಡಿತು. ಕೈ ಬಿಟ್ಟಳು.

“ವೆಲ್ಕಮ್, ಸರ್,” ಎಂದಳು.

ಹೋದಳು.

ಅಷ್ಟೂ ವರ್ಷ ಆ ದೇಶದಲ್ಲಿ ಅವಳು ಬೇರೆಯವರನ್ನು ಮೇಡಂ ಎಂದು ಕರೆದಿದ್ದಳು. ಅವಳನ್ನು ಮೊದಲ ಸಲ ಹಾಗೆ ಕರೆದವನು ನಾನು. ಅದೂ ಎಂಜಲು ತಟ್ಟೆ ಇಸಿದುಕೊಂಡು.

ಸಂಜೆ ಅವಳೇ ಫೋನು ಮಾಡಿದಳು, ಬಸ್ಸಿನಿಂದ. ಎತ್ತಲು ಧೈರ್ಯವಿರಲಿಲ್ಲ, ಎತ್ತದಿರಲು ಅದಕ್ಕಿಂತ ಹೆದರಿಕೆ.

“ನಿನ್ನ ಪಬ್ಬು ಚಂದ ಉಂಟು ಮಾರಾಯ. ಒಳಗೆ ತಂಪು. ಕಪ್ಪು ಅಂಗಿಯಲ್ಲಿ ನೀನು ಜೋರು ಕಾಣ್ತಿ.”

“ಅಕ್ಕ, ಅದು—”

“ಗೊತ್ತಾಯ್ತು. ಕೆಲಸದ ಹೊತ್ತಿನಲ್ಲಿ ನಾನು ಬರಬಾರದಿತ್ತು. ನಮ್ಮ ಮೇಡಂ ಕೂಡ ಗೆಸ್ಟ್ ಇದ್ರೆ ನನ್ನತ್ರ ಮಾತಾಡುದಿಲ್ಲ. ಮ್ಯಾನೇಜರ್ ಬೈತಾರಾ?”

“ಹೌದಕ್ಕ,” ಎಂದೆ. “ತುಂಬಾ ಸ್ಟ್ರಿಕ್ಟ್.”

ಅವಳು ಒಂದು ನೆಪ ಕೊಟ್ಟಳು, ನಾನು ಎರಡು ಕೈಯಲ್ಲಿ ಹಿಡಿದುಕೊಂಡೆ. ಮ್ಯಾನೇಜರ್ ಒಳ್ಳೆಯವರು. ಅಡುಗೆಮನೆಯ ನೇಪಾಳಿ ಹುಡುಗನ ಅಮ್ಮ ಬಂದಾಗ ಅವರೇ ಕೈಯಾರೆ ಸೂಪು ತಂದಿಟ್ಟು, ಕುರ್ಚಿ ಎಳೆದು ಕೂರಿಸಿದ್ದರು. ಇದು ನನಗೆ ಗೊತ್ತಿತ್ತು.

ಮುಂದಿನ ರಜೆಯಲ್ಲಿ ಊರಿಗೆ ಹೋದೆ. ಅಕ್ಕ ಆಗಲೇ ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿದ್ದಳು. ಒಳಗೆ ಕಾಲಿಡುತ್ತಲೇ ಅಮ್ಮ ಶುರುಮಾಡಿದರು.

“ಅಕ್ಕನಿಗೆ ಎಂಥೆಂಥದ್ದು ತಿನ್ನಿಸಿದ್ಯಂತೆ ಮಾರಾಯ! ತಟ್ಟೆಯಿಂದ ಹೊರಗೆ ಬರುವಷ್ಟು ಉದ್ದದ ಮೀನು! ಮುಳ್ಳೇ ಇಲ್ವಂತೆ! ನೀನೇ ನಿಂತು ಬಡಿಸಿದ್ಯಂತೆ, ಗಿರಿಜಾ ಊರಿಗೆಲ್ಲ ಹೇಳ್ತಾಳೆ. ಬಜ್ಜಿಯ ಹಾಗೆ ಹಿಟ್ಟಂತೆ, ಹೌದಾ?”

ಅದು ನನ್ನದೇ ಮಾತು. ಫೋನಿನಲ್ಲಿ ನಾನು ಕೊಚ್ಚಿಕೊಂಡದ್ದನ್ನೆಲ್ಲ ಅವಳು ಜೋಪಾನವಾಗಿಟ್ಟು, ತಿನ್ನದ ಊಟವನ್ನು ಅದರಿಂದಲೇ ಅಟ್ಟು, ನನ್ನ ಹೆಸರಿನಲ್ಲಿ ಊರಿಗೆಲ್ಲ ಬಡಿಸಿದ್ದಳು. ಒಳಗಿನಿಂದ ಪಾತ್ರೆಯ ಸದ್ದು ನಿಂತಿತು. ಅಕ್ಕ ಕೇಳುತ್ತಿದ್ದಳು.

“ಹೌದಮ್ಮ,” ಎಂದೆ.

ಪಾತ್ರೆಯ ಸದ್ದು ಮತ್ತೆ ಶುರುವಾಯಿತು.

ತುಂಬಾ ಕಾಲ ನನಗೆ ನಾನೇ ಹೇಳಿಕೊಂಡದ್ದು, ನರ್ಸು ಎಂಬ ಸುಳ್ಳು ಬಯಲಾಗುತ್ತದೆಂದು ಹೆದರಿ ಹಾಗೆ ಮಾಡಿದೆ ಎಂದು. ಅದೂ ಪೂರ್ತಿ ನಿಜವಲ್ಲ. ಸುಳ್ಳು ಹೇಳದಿದ್ದರೂ ಬಹುಶಃ ನಾನು ಬಗ್ಗಿ ಗ್ಲಾಸೇ ಹುಡುಕುತ್ತಿದ್ದೆ. ನನಗೆ ಅವಳ ರಬ್ಬರ್ ಚಪ್ಪಲಿಯ ನಾಚಿಕೆ. ಯಾವ ಚಪ್ಪಲಿ ಸವೆಸಿ ನನ್ನನ್ನು ಅಲ್ಲಿಗೆ ತಲುಪಿಸಿದಳೋ ಅದರ ನಾಚಿಕೆ.

ಆ ಪಬ್ಬು ಮುಚ್ಚಿತು. ರೋಶ್ನಿ ಬೇರೆ ದೇಶಕ್ಕೆ ಹೋದಳು, ಅವಳ ಮಟ್ಟಿಗೆ ನನ್ನ ಅಕ್ಕ ಇಂದಿಗೂ ನರ್ಸು. ನಾನೀಗ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಕಾರ್ಖಾನೆಯವರಿಗೆ ಊಟ ಕಳಿಸುವ ಅಡುಗೆಮನೆಯಲ್ಲಿದ್ದೇನೆ. ದಿನವಿಡೀ ಡಬ್ಬಿಗಳಿಗೆ ಅನ್ನ ತುಂಬಿಸುತ್ತೇನೆ. ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರಿಗೂ ಬಡಿಸಿದ್ದೇನೆ.

ಅಕ್ಕ ಈಗಲೂ ಕೊನೆಗೆ ಉಣ್ಣುತ್ತಾಳೆ, ಅಡುಗೆಮನೆಯಲ್ಲಿ, ನಿಂತೇ. ನಾನು ಹೋದಾಗಲೆಲ್ಲ ಮೀನು ಹುರಿದು ನನ್ನ ಮುಂದಿಡುತ್ತಾಳೆ. ಆ ಶುಕ್ರವಾರದ ಬಗ್ಗೆ ಒಂದು ಮಾತಿಲ್ಲ, ಒಂದು ಕೊಂಕಿಲ್ಲ. ಬೈದಿದ್ದರೆ ನಾನು ಎಂದೋ ಅತ್ತು ಮುಗಿಸಿಬಿಡುತ್ತಿದ್ದೆ.

ಈ ಸಲ ರಜೆಗೆ ಹೋದಾಗ ಬಂಗುಡೆ ತರುತ್ತೇನೆ. ನಾನೇ ಹುರಿಯುತ್ತೇನೆ. ಅಕ್ಕನನ್ನು ಜಗಲಿಯಲ್ಲಿ ಕೂರಿಸಿ, ಮುಳ್ಳು ಬಿಡಿಸಿ ಅವಳ ತಟ್ಟೆಗೆ ಇಡುತ್ತೇನೆ. ಆದರೆ ಅವಳು ತುತ್ತೆತ್ತುವ ಮೊದಲು, ಅಮ್ಮನ ಎದುರಿಗೇ, ಆ ದಿನ ಅವಳು ಹಸಿದುಕೊಂಡೇ ಹೋದಳೆಂದು ಹೇಳುತ್ತೇನೆ. ಮೇಡಂ ಎಂದದ್ದನ್ನೂ, ರೋಶ್ನಿಯನ್ನು ತಡೆದದ್ದನ್ನೂ. ಅಕ್ಕ ಬಾಯಿ ಮುಚ್ಚಿಸಲು ನೋಡುತ್ತಾಳೆ, ಗೊತ್ತಿದೆ. ಈ ಸಲ ಅವಳು ಕೊಡುವ ನೆಪವನ್ನು ತೆಗೆದುಕೊಳ್ಳುವುದಿಲ್ಲ.

ಎಲ್ಲ ಕೇಳಿದ ಮೇಲೆ ಅವಳು ಕೂತು ಉಣ್ಣುತ್ತಾಳೋ, ತಟ್ಟೆ ಬಿಟ್ಟು ಎದ್ದು ಹೋಗುತ್ತಾಳೋ — ಅದು ಅವಳಿಗೆ ಸೇರಿದ್ದು. ನಾನು ಅಲ್ಲೇ ನಿಂತಿರುತ್ತೇನೆ.