ಕೊಡಪಾನದ ಕಂಠದ ಆಮೆ

ನಿಮ್ಮ ಮನೆಯ ಅಟ್ಟದ ಮೇಲಿರುವ ಹಳೆಯ ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಎಂದಾದರೂ ಬೆಳಕಿಗೆ ಹಿಡಿದು ನೋಡಿದ್ದೀರಾ? ಕಂಠದಲ್ಲೋ ಬುಡದಲ್ಲೋ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಗುರುತೊಂದು ಇದ್ದೀತು. ನಮ್ಮ ಕುಂದಾಪುರದ ಕಡೆ ಮದುವೆಗೂ ಸತ್ತವರ ಬೊಜ್ಜದೂಟಕ್ಕೂ ಊರ ಪಾತ್ರೆಗಳೆಲ್ಲ ಒಂದೇ ಚಪ್ಪರದಡಿ ಸೇರುತ್ತಿದ್ದ ಕಾಲದಲ್ಲಿ, ಉಂಡು ಕೈತೊಳೆದ ಮೇಲೆ ಯಾವ ಕೊಪ್ಪರಿಗೆ ಯಾವ ಮನೆಗೆ ಎಂದು ಹೇಳುತ್ತಿದ್ದುದು ಈ ಗುರುತೇ. ಒಂದು ಮನೆಗೆ ಶಂಖ, ಇನ್ನೊಂದಕ್ಕೆ ಬಾಳೆಗೊನೆ; ಅಕ್ಷರ ಬಾರದವರೂ ಸರಾಗವಾಗಿ ಓದಬಲ್ಲ ವಂಶಲಾಂಛನಗಳು ಅವು. ಅರಸರಿಗೆ ಧ್ವಜವಿದ್ದರೆ ನಮಗೆ ಕೊಡಪಾನವಿತ್ತು.

ವಂಡ್ಸೆಯ ನಮ್ಮ ಬೈಲುಮನೆಯ ಗುರುತು ಕುಡುಗೋಲು. ಅದು ನಮ್ಮ ಎಲ್ಲ ಪಾತ್ರೆಗಳಲ್ಲೂ ಇದೆ. ಒಂದು ತಾಮ್ರದ ಕೊಡಪಾನದ ಕಂಠ ಮಾತ್ರ ಕಾಡಿಗೆಯಷ್ಟು ಕಪ್ಪು. ಅದರ ಹೊಟ್ಟೆಯನ್ನು ಎಷ್ಟು ಬೇಕಾದರೂ ಬೆಳಗಬಹುದು, ಕಂಠಕ್ಕೆ ಹುಣಸೆಹುಳಿ ಮುಟ್ಟಿಸಬಾರದು ಎಂಬುದು ಅಮ್ಮನ ಕಟ್ಟಪ್ಪಣೆ. ವರ್ಷಕ್ಕೊಮ್ಮೆ ಹಿರಿಯರಿಗೆ ಎಲೆ ಹಾಕುವ ದಿನ ಅದು ಅಟ್ಟದಿಂದಿಳಿದು, ಬಾವಿಯ ಮೊದಲ ನೀರು ತುಂಬಿಕೊಂಡು, ಒಳಕೋಣೆಯಲ್ಲಿ ಗೋಡೆಗೆ ಮುಖಮಾಡಿ ಕೂರುತ್ತದೆ. ಅಜ್ಜಿಗೊಂದು, ಅಜ್ಜಿಯ ಅಮ್ಮನಿಗೊಂದು ಎಂದು ಹೆಸರು ಹಿಡಿದು ಕರೆದು ಎಲೆ ಬಡಿಸುತ್ತಾರೆ. ಆದರೆ ಎಲ್ಲಕ್ಕೂ ಮೊದಲು, ಕೊಡಪಾನದ ಬದಿಯಲ್ಲೇ, ಹೆಸರಿಲ್ಲದ ಒಂದು ಎಲೆ. ಅಲ್ಲಿ ಅಮ್ಮ ಯಾರನ್ನೂ ಕರೆಯುವುದಿಲ್ಲ, ತುಟಿ ಬಿಗಿದು ಬಡಿಸಿ ಎದ್ದುಬಿಡುತ್ತಾಳೆ. ಆಮೇಲೆ ಬಾಗಿಲು ಎಳೆದುಕೊಂಡು ನಾವೆಲ್ಲ ಜಗಲಿಯಲ್ಲಿ ಕಾಯಬೇಕು. ಆ ಎಲೆಯ ಲೋಟದ ನೀರು ಪ್ರತಿ ಸಲವೂ ಇಳಿದಿರುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ನಾನು ನೋಡಲು ಹೋದವಳಲ್ಲ.

ಈ ವರ್ಷ ಆ ದಿನಕ್ಕೆ ನಾಲ್ಕು ದಿನವಿರುವಾಗ ಅಕ್ಕನ ಮಗ ಸುಧೀರ ಮುಂಬಯಿಯಿಂದ ಫೋನು ಮಾಡಿದ. ಹೊಸ ಹೋಟೆಲು, ಹೆಸರು 'ಬೈಲುಮನೆ'. ಬೋರ್ಡಿಗೊಂದು ಲಾಂಛನ ಬೇಕೆಂದು ಅಂತರ್ಜಾಲದಲ್ಲಿ ನಮ್ಮ ಕುಲನಾಮ ಒತ್ತಿದನಂತೆ; ಗುರಾಣಿ, ಎರಡು ಕತ್ತಿ, ನಾಲಗೆ ಚಾಚಿದ ಸಿಂಹ ಬಂತಂತೆ. ಗೆಳೆಯನ ಕುಲನಾಮ ಒತ್ತಿದರೂ ಅದೇ ಸಿಂಹ.

"ಚಿಕ್ಕಮ್ಮ, ನಮ್ದೇ ಅಂದೇಳಿ ಎಂತಾರೂ ಗುರ್ತ್ ಇತ್ತಾ? ಪೇಂಟರ್ ಕಾಯ್ತಾ ಇದ್ದ."

ನಗು ಬಂತು. ನಮ್ಮ ವಂಶದಲ್ಲಿ ಕತ್ತಿ ಎತ್ತಿದವರು ಯಾರು, ಹಲಸಿನಕಾಯಿಯ ಮೇಲಲ್ಲದೆ! ಆದರೆ 'ನಮ್ಮದೇ' ಎಂಬ ಮಾತು ಎದೆಗೆ ತಾಗಿತು. ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಕರೆದ ನನಗೆ ನನ್ನ ಹೆಸರಿನ ಹಿಂದಿನ 'ಬಿ' ಎಂಬ ಒಂದಕ್ಷರದ ಬಗ್ಗೆ ಸಣ್ಣ ಜಂಬವಿತ್ತು. ಬಿ ಎಂದರೆ ಬೈಲುಮನೆ, ತಾಯಿಯಿಂದ ಮಗಳಿಗೆ ಇಳಿದು ಬಂದ ಮನೆ. ಎಲ್ಲಕ್ಕಿಂತ ಹಳೆಯ ಪಾತ್ರೆಯ ಕುಡುಗೋಲನ್ನೇ ಕಳಿಸೋಣವೆಂದು, ಅಮ್ಮ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಕೊಡಪಾನ ಇಳಿಸಿದೆ. ಹುಳಿಯುಪ್ಪು ಹಚ್ಚಿ ಕಂಠ ತಿಕ್ಕಿದೆ.

ಕಪ್ಪು ಬಿಡುತ್ತಿದ್ದಂತೆ ತಾಮ್ರ ಕೆಂಪಗೆ, ಹಸಿ ಗಾಯದಂತೆ ಹೊರಬಂತು. ಕುಡುಗೋಲು ಇತ್ತು ನಿಜ, ಮೊಳೆಯಿಂದ ಗೀರಿದಂತೆ ತೆಳ್ಳಗೆ. ಅದರ ಕೆಳಗೆ, ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಲು ನೋಡಿದರೂ ಸಾಯದೆ, ಆಳವಾದ ಚುಕ್ಕಿಗಳಲ್ಲಿ ಇನ್ನೊಂದು ಆಕೃತಿ: ದುಂಡನೆಯ ಬೆನ್ನು, ನಾಲ್ಕು ಕಾಲು, ಹೊರಗೆ ಚಾಚಿದ ತಲೆ. ಆಮೆ. ಬಿಸಿಲು ಚುರುಗುಟ್ಟುತ್ತಿದ್ದ ಅಂಗಳದಲ್ಲಿ ನನ್ನ ಬೆನ್ನ ಮೇಲೆ ನೆರಳು ಬಿತ್ತು. ತಿರುಗಿದರೆ ಅಮ್ಮ ಹಿಂದೆಯೇ ನಿಂತಿದ್ದಳು.

"ಎಂತಕ್ ತಿಕ್ಕಿದ್ದ್ ನೀನ್?"

"ಇದ್ ಯಾರ್ ಗುರ್ತ್ ಅಮ್ಮ?"

ಅಮ್ಮ ಮೆಟ್ಟಿಲ ಮೇಲೆ ಕೂತಳು. "ಈ ಮನಿ ಮೊದ್ಲಿನರದ್ದ್. ಹೆಣ್ ಸಂತಾನ ನಿಂತ್ ಹೋಯ್ತಂಬ್ರ್ ಅವ್ರಿಗೆ. ದೀಪ ಹಚ್ಚುಕೆ ಅಂದೇಳಿ ಬಂದರ್ ನಾವ್. ನಮ್ಮ ಹಿರಿಯರ್ ಮನಿ ಹಿಡ್ಕಂಡ್ರ್, ಮನಿ ಹೆಸ್ರೂ ಹಾಕಂಡ್ರ್."

"ಹಂಗಾರೆ ಆ ಮೊದ್ಲಿನ ಎಲೆ ಅವ್ರಿಗಾ? ಹೆಸ್ರ್ ಹಿಡ್ದ್ ಕರೂದಿಲ್ಲ ಎಂತಕೆ?"

"ಅವ್ರ್ ಹೆಸ್ರ್ ನಾವ್ ಹಾಕಂಡಿತ್ ಮಗಾ. ಇನ್ನ್ ಅವ್ರನ್ ಎಂತ ಅಂದೇಳಿ ಕರೂದ್?"

ಈ ಮನೆಗೆ ಬರುವ ಮೊದಲು ನಮ್ಮ ಹೆಸರೇನಿತ್ತು ಎಂದು ಕೇಳಿದೆ. ಅದು ಅಮ್ಮನಿಗೂ ಗೊತ್ತಿರಲಿಲ್ಲ, ಅವಳ ಅಜ್ಜಿಗೂ ಗೊತ್ತಿರಲಿಲ್ಲವಂತೆ.

ಓದುಗ ಮಿತ್ರರೇ, ಹೆಸರೆಂದರೆ ನಮ್ಮ ಮೈಗಂಟಿದ್ದು ಎಂದು ನಾವು ಎಷ್ಟು ನಿರಾಳವಾಗಿ ನಂಬಿರುತ್ತೇವೆ! ಮದುವೆಮನೆಯಲ್ಲಿ ಎರವಲು ತಂದ ಪಾತ್ರೆಯನ್ನು ಹೊತ್ತಿಳಿಯುವ ಮೊದಲು ಹಿಂದಿರುಗಿಸುವ ನಾವು, ಒಂದು ಸಂಸಾರದ ಹೆಸರನ್ನೇ ಐದಾರು ತಲೆಮಾರು ಇಟ್ಟುಕೊಂಡಿದ್ದೆವು. ನನ್ನ ಅಂಕಪಟ್ಟಿ, ಆಧಾರ್ ಕಾರ್ಡು, ನಾಳೆ ನಾನು ಸತ್ತರೆ ಬೊಜ್ಜದ ಕಾಗದ, ಎಲ್ಲದರ ಮೇಲೂ ಅವರು. ಆ ಮೂರು ದಿನ ಯಾರಾದರೂ "ಬೈಲ್ಮನಿ ಟೀಚರ್" ಎಂದು ಕರೆದರೆ, ಓಗೊಡುವ ಮೊದಲು ನಾನು ಒಂದು ಕ್ಷಣ ತಡೆಯುತ್ತಿದ್ದೆ, ನನಗಿಂತ ಮೊದಲು ಬೇರೆ ಯಾರಾದರೂ ಹೂಂಗುಟ್ಟುತ್ತಾರೋ ಎಂದು. ಹೆದರಿದ್ದೆ, ಮುಚ್ಚಿಡುವುದೇಕೆ.

ಆದರೂ ಸುಧೀರನಿಗೆ ಫೋಟೋ ಕಳಿಸಿದೆ. ನಮ್ಮದೆಂದು ಹೇಳಿಕೊಳ್ಳಲು ಉಳಿದದ್ದು ಆ ಗೀರು ಕುಡುಗೋಲು ಒಂದೇ. ಅದಾದರೂ ಬೋರ್ಡು ಹತ್ತಲಿ ಎಂಬ ಆಸೆ. "ನಮ್ಮ ಗುರುತು" ಎಂದು ಬರೆದೆ, ಆಮೆಯ ಸುದ್ದಿ ಎತ್ತಲಿಲ್ಲ.

ಹಿರಿಯರ ದಿನ ಬಂತು. ಮೊದಲ ಎಲೆಯ ಮುಂದೆ ಅಮ್ಮ ಎಂದಿನಂತೆ ತುಟಿ ಬಿಗಿದಳು. ನಾನು ಕೊಡಪಾನವನ್ನು ಗೋಡೆಗೆ ತಿರುಗಿಸಿಟ್ಟೆ. ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂತೆವು. ಗಾಳಿಯಿರಲಿಲ್ಲ, ಕಾಗೆಯೂ ಕೂಗುತ್ತಿರಲಿಲ್ಲ. ಆ ಮೌನದಲ್ಲಿ ನನ್ನ ಫೋನು ಟಿಣ್ ಎಂದಿತು.

ಸುಧೀರ ಬೋರ್ಡಿನ ಚಿತ್ರ ಕಳಿಸಿದ್ದ. ಬೈಲುಮನೆ ಎಂಬ ದಪ್ಪಕ್ಷರ. ಅದರ ನೆತ್ತಿಯ ಮೇಲೆ, ಬಂಗಾರದ ಬಣ್ಣದಲ್ಲಿ, ಕತ್ತು ಚಾಚಿದ ಆಮೆ. "ಗುರ್ತ್ ಪಸ್ಟ್ ಕ್ಲಾಸ್ ಇತ್ತ್ ಚಿಕ್ಕಮ್ಮ. ಮೇಲೊಂದ್ ಗೀರ್ ಬಿದ್ದಿತ್, ಅದ್ನ್ ಪೇಂಟರ್ ತೆಗ್ದ" ಎಂದು ಬರೆದಿದ್ದ.

ಫೋನನ್ನು ಅಮ್ಮನ ಕಣ್ಣ ಮುಂದೆ ಹಿಡಿದೆ. ಅವಳು ನೋಡಿದಳು. ಮುಚ್ಚಿದ ಬಾಗಿಲ ಕಡೆ ಒಮ್ಮೆ ತಿರುಗಿ, ಮನೆಗೆ ಬಂದ ನೆಂಟರ ಸುದ್ದಿ ಹೇಳುವ ದನಿಯಲ್ಲಿ ಅಂದಳು:

"ಅವ್ರ್ ಬೊಂಬಾಯಿಗೂ ಹೋಯಿ ಕೂಕಂಡ್ರ್ ಕಾಣ್."

ನಾನು ಸುಧೀರನನ್ನು ತಿದ್ದಲಿಲ್ಲ. ಬೋರ್ಡಿನಲ್ಲಿ ಹೆಸರೂ ಗುರುತೂ ಒಂದೇ ಮನೆಯವಾಗಿದ್ದವು, ತಿದ್ದಲು ತಪ್ಪೆಲ್ಲಿತ್ತು? ಬಾಗಿಲು ತೆರೆದಾಗ ಲೋಟದ ನೀರನ್ನು ಈ ಸಲವೂ ನೋಡಲಿಲ್ಲ. ಕೊಡಪಾನವನ್ನು ಎತ್ತಿ ತಂದು ಜಗಲಿಯಲ್ಲಿ, ದಾರಿಗೆ ಮುಖಮಾಡಿ ಇಟ್ಟೆ. ಈಗ ಅದು ಅಲ್ಲೇ ಇದೆ. ಹೋಗಿ ಬರುವವರಿಗೆಲ್ಲ ಆಮೆ ಕಾಣುತ್ತದೆ. ಕುಡುಗೋಲು ಕಾಣುವುದಿಲ್ಲ, ಉಗುರಿನಿಂದ ತಡವಿದರೆ ಮಾತ್ರ ಸಿಗುತ್ತದೆ; ಇನ್ನೊಮ್ಮೆ ತಿಕ್ಕಿದರೆ ಅದೂ ಉಳಿಯಲಾರದು. ನಿನ್ನೆ ಕೆಲಸದ ಹುಡುಗಿ ಹುಣಸೆಹಣ್ಣು ಹಿಡಿದು ಬಂದಳು. ಹೊಟ್ಟೆಯನ್ನು ಎಷ್ಟು ಬೇಕಾದರೂ ಬೆಳಗು, ಕಂಠಕ್ಕೆ ಮಾತ್ರ ಹುಳಿ ಮುಟ್ಟಿಸಬೇಡ ಎಂದು ಅವಳನ್ನು ತಡೆದೆ.