ಮೋರಿ ಕಡಿದ ವರ

ನನ್ನನ್ನು ನೋಡಲು ಬಂದವರಿಗೆಲ್ಲ ನಮ್ಮ ಅಜ್ಜಿ ಶಿರಾ, ಉಪ್ಪಿಟ್ಟು ಮಾಡಿ ಹಾಕಿದ್ದೇ ಹಾಕಿದ್ದು. ತಿಂದವರು ಕೈ ತೊಳೆದುಕೊಂಡು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ಧಾರವಾಡದಲ್ಲೇ, ನಮ್ಮ ಮಗ್ಗುಲ ಓಣಿಯಲ್ಲೇ ಇದ್ದವರೂ ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುತ್ತಿದ್ದರು. ಮೂವತ್ತರ ದಶಕದ ಮಾತು ಇದು. ನನಗೆ ಹದಿನೇಳು ತುಂಬಿತ್ತು. ಓಣಿಯವರ ಲೆಕ್ಕದಲ್ಲಿ ನಾನು ಆಗಲೇ ಅಂಗಡಿಯಲ್ಲಿ ಉಳಿದ ಸರಕು.

ಕಾರಣ ನನ್ನ ಮುಖ. ಸಣ್ಣವಳಿದ್ದಾಗ ಸಿಡುಬು ಎದ್ದು, ಜೀವವೊಂದನ್ನು ಬಿಟ್ಟು, ಹಣೆ ಕೆನ್ನೆಗಳ ತುಂಬ ಕಲೆ ಉಳಿಸಿ ಹೋಗಿತ್ತು. ನಮ್ಮ ಕಡೆ ಆಗ ಅದನ್ನು ರೋಗ ಎನ್ನುತ್ತಿರಲಿಲ್ಲ, ದೇವಿ ಬಂದಿದ್ದಳು ಎನ್ನುತ್ತಿದ್ದರು. ದೇವಿ ಸುಮ್ಮನೆ ಬರುತ್ತಾಳೆಯೇ? ಮನೆಯವರದು ಏನೋ ತಪ್ಪಿರಲೇಬೇಕು. ಆ ವರ್ಷ ಅಜ್ಜಿ ದೇವಿಗೆ ಉಡಿ ತುಂಬುವುದನ್ನು ಮರೆತಿದ್ದಳಂತೆ. ಓಣಿಯ ಹೆಂಗಸರು ಅದನ್ನು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅಜ್ಜಿ ಅದನ್ನು ನಂಬಿಯೇ ಬಿಟ್ಟಿದ್ದಳು. ನಾನು ತೊಟ್ಟಿಲಲ್ಲಿರುವಾಗಲೇ ಅವ್ವ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವಳು ಈ ಅಜ್ಜಿಯೇ. ತಲೆಗೆ ಎಣ್ಣೆ ಹಚ್ಚುವಾಗ ಅವಳ ಕೈ ಜಾರಿ ನನ್ನ ಕೆನ್ನೆಯ ಮೇಲೆ ಬಂದು ನಿಲ್ಲುತ್ತಿತ್ತು. "ನಂದ ತಪ್ಪವಾ," ಎನ್ನುತ್ತಿದ್ದಳು. ಆಗ ನನಗೆ ವಿಪರೀತ ಸಿಟ್ಟು ಬರುತ್ತಿತ್ತು, ಅಜ್ಜಿಯ ಮೇಲಲ್ಲ, ದೇವಿಯ ಮೇಲೆ. ಮುದುಕಿ ಮರೆತರೆ ಕೂಸಿನ ಮುಖಕ್ಕೆ ಯಾಕೆ ಕೈ ಹಾಕಬೇಕಿತ್ತು?

ಅಪ್ಪ ಸರಕಾರಿ ಕಚೇರಿಯಲ್ಲಿ ಕಾರಕೂನ. ಅವರ ಮಗ್ಗುಲ ಮೇಜಿನವರು ಕಾರವಾರದ ಕೊಂಕಣಿ ಮಂದಿ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಒಂದು ಸಂಜೆ ಈ ಕಾಕಾ ಸಂಬಂಧವೊಂದನ್ನು ಹೊತ್ತು ಬಂದರು.

"ಹುಡುಗ ನಿಮ್ಮ ಪೈಕಿನೇರಿ. ಹುಬ್ಬಳ್ಳಿ ಸಾಲ್ಯಾಗ ಮಾಸ್ತರಕಿ ಮಾಡಾಕತ್ತಾನ. ತಂದಿ ನಮ್ಮ ಕಾರವಾರದಾಗ ನೌಕರಿಗಿದ್ರು, ಅಲ್ಲೇ ಬೆಳದಾನ. ಒಂದ ಮಾತು ಮೊದಲ ಹೇಳಿಬಿಡತೇನಿ. ಸ್ವಲ್ಪ ಕುಂಟತಾನ. ಕಾಲಿಗೆ ಮೋರಿ ಕಡದದ."

ಅವಲಕ್ಕಿ ಆರಿಸುತ್ತಿದ್ದ ಅಜ್ಜಿ ತಲೆ ಎತ್ತಿದಳು. "ಮೋರಿ ಹ್ಯಾಂಗ ಕಡೀತದರಿ?"

"ಕಡೀತದರಿ. ನೀರಾಗ ಇರತದಲ್ಲ."

"ಮೋರ್ಯಾಗ ನೀರ ಇರತದ, ಖರೇ. ಹಲ್ಲ ಎಲ್ಲಿಂದ ಬಂದ್ವು?"

ನಮ್ಮ ಮನೆಯಲ್ಲಿ ಮೋರಿ ಎಂದರೆ ಬಚ್ಚಲ ನೀರು ಹೊರಗೆ ಹೋಗುವ ಹಾದಿ. ಕಾಕಾನ ಕೊಂಕಣಿಯಲ್ಲಿ ಮೋರಿ ಎಂದರೆ ಶಾರ್ಕ್ ಮೀನು. ಇದು ಬಗೆಹರಿಯುವಷ್ಟರಲ್ಲಿ ಅಜ್ಜಿ ತನ್ನ ತೀರ್ಮಾನಕ್ಕೆ ಬಂದಾಗಿತ್ತು. ಮೋರಿಯಲ್ಲಿ ಬಿದ್ದು ಕಾಲು ಮುರಿದುಕೊಳ್ಳುವ ಗಂಡಸರು ಎಂಥವರೆಂದು ಅವಳಿಗೆ ಗೊತ್ತಿತ್ತು. "ಕುಡಕಗ ನಮ್ಮ ಹುಡಗೀನ ಕೊಡೂದಿಲ್ಲ," ಎಂದು ಮೊರ ಎತ್ತಿಕೊಂಡು ಹೊರಟೇಬಿಟ್ಟಳು. ಕಾಕಾ ಎರಡೂ ಕೈ ಚಾಚಿ, ಇಷ್ಟುದ್ದದ ಮೀನು, ಬಾಯ ತುಂಬ ಹಲ್ಲು ಎಂದು ವಿವರಿಸಿದ ಮೇಲೆ ಬಂದು ಕೂತಳು.

ಕೂತ ಮೇಲೆ ಸಂಗತಿ ಇನ್ನೂ ಕೆಟ್ಟಿತು. ಕುಡುಕರನ್ನಾದರೂ ಅವಳು ಕಂಡಿದ್ದಳು. ಅವಳು ನೋಡಿದ್ದ ದೊಡ್ಡ ನೀರು ಎಂದರೆ ತವರೂರು ಮುಗದದ ಕೆರೆ. ಅಲ್ಲಿಯ ಮೀನು ಬಟ್ಟೆ ಒಗೆಯುವವರ ಕಾಲಿಗೆ ಕಚಗುಳಿ ಇಡುತ್ತಿದ್ದವೇ ಹೊರತು ಯಾರನ್ನೂ ಕುಂಟರನ್ನಾಗಿ ಮಾಡಿದ್ದಿಲ್ಲ.

"ಸಮುದ್ರದಾಗ ಅಷ್ಟ ಮಂದಿ ಇಳೀತಾರ. ಇವನ್ನ ಯಾಕ ಕಡೀತು?" ಎಂದು ಕೇಳಿದಳು.

ಆ ಪ್ರಶ್ನೆ ನನಗೆ ಚೆನ್ನಾಗಿ ಪರಿಚಯದ್ದು. ನನ್ನ ಮುಖ ನೋಡಿದವರೆಲ್ಲ ಕೇಳಿದ್ದು ಅದನ್ನೇ. ಆ ಮನೆತನದ ಮೇಲೆ ಯಾವುದೋ ದೇವರ ಮುನಿಸು ಇದೆ, ಇಲ್ಲಿ ನೋಡಿದರೆ ನಮ್ಮದೊಂದು ಇದೆ, ಎರಡೂ ಒಂದೇ ಸೂರಿನಡಿ ಸೇರಿದರೆ ಸಂಸಾರ ನಿಂತೀತೇ ಎಂಬುದು ಅಜ್ಜಿಯ ಅಳುಕು. ಅಪ್ಪನ ಅಳುಕೇ ಬೇರೆ. ಈ ವರ ತಪ್ಪಿದರೆ ಉಳಿದವರು ಉಪ್ಪಿನಬೆಟಗೇರಿಯ ಒಬ್ಬ ಯಜಮಾನರು. ಅವರ ಹೆಂಡತಿ ತೀರಿಕೊಂಡಿದ್ದರು, ಮಗಳು ನನ್ನ ಓರಗೆಯವಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

"ಬರಲಿ," ಎಂದಳು ಅಜ್ಜಿ ಕಡೆಗೆ. "ಆದ್ರ ಇದನ್ನ ನಾ ಕೇಳೇ ಕೇಳತೇನಿ. ಸರಿಯಾಗಿ ಹೇಳಲಿಲ್ಲಂದ್ರ ಶಿರಾ ತಿಂದ ಹೋಗಲಿ."

ರವಿವಾರ ವರ ತಾಯಿಯನ್ನು ಕರೆದುಕೊಂಡು ಟಾಂಗಾದಲ್ಲಿ ಬಂದರು. ಉದ್ದನೆಯ ಆಳು, ಕರಿ ಟೊಪ್ಪಿಗೆ, ಎಡಗಾಲು ಎಳೆಯುತ್ತಿತ್ತು. ಅದುವರೆಗೆ ಬಂದವರೆಲ್ಲ ನನ್ನನ್ನು ನಡೆಸಿ ನೋಡಿದ್ದರು, ಹುಡುಗಿ ಕುಂಟಿಯೋ ಏನೋ ಎಂದು. ಅಜ್ಜಿಯ ಹೊಟ್ಟೆಯಲ್ಲಿ ಆ ಉರಿ ಇದ್ದೇ ಇತ್ತು.

"ಸ್ವಲ್ಪ ಆ ಬಾಗಲ ತನಕಾ ನಡದ ತೋರಸ್ರಿ," ಎಂದಳು.

ಅಪ್ಪ ನೆಲ ನೋಡಿದರು. ವರ ಮಾತ್ರ ಎದ್ದು, ಬಾಗಿಲ ತನಕ ಹೋಗಿ ಬಂದು, "ಇನ್ನೊಮ್ಮೆ ನಡೀಲೇನ್ರಿ?" ಎಂದು ಕೇಳಿದರು. ಒಳಗೆ ಕದದ ಹಿಂದೆ ನಿಂತಿದ್ದ ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ನನ್ನನ್ನು ಕರೆತಂದು ಕೂರಿಸಿದ ಮೇಲೆ ಅಜ್ಜಿ ನೇರವಾಗಿ ವಿಷಯಕ್ಕೆ ಬಂದಳು. "ನಿಮ್ಮನ್ನ ಅದು ಯಾಕ ಕಡೀತು?"

"ನಾನೂ ಇದನ್ನ ಭಾಳ ದಿನಾ ಕೇಳಕೊಂಡೇನ್ರಿ," ಎಂದರು ಅವರು. "ಆಗ ನಾ ಇನ್ನೂ ಹುಡುಗ. ಮಳಿಗಾಲ ಮುಗೀಲಿಕ್ಕೆ ಬಂದಿತ್ತು. ಹೊಳಿ ಬಂದು ಸಮುದ್ರಕ್ಕ ಕೂಡೂ ಜಾಗಾ, ನೀರ ಕೆಂಪಗ ರಾಡಿ ಆಗಿತ್ತು. ಬಾಜೂಕ ದೋಣಿಯವರು ಮೀನ ಹಸನ ಮಾಡಿ ರಕ್ತಾ ಎಲ್ಲಾ ನೀರಿಗೇ ಚೆಲ್ಲತಿದ್ರು. ಆ ವಾಸನಿ ಹಿಡದ ಅದು ಬಂದಿತ್ತು. ನಾ ಅಲ್ಲೇ ಕಾಲ ಬಡಕೋತ ಈಸತಿದ್ದೆ. ರಾಡ್ಯಾಗ ನನ್ನ ಅಂಗಾಲು ಬೆಳ್ಳಗ ಕಂಡಿರಬೇಕು. ಮೀನಂತ ತಿಳೀತು."

"ಸಿಟ್ಟಿಲೆ ಅಲ್ಲ?"

"ಅದಕ್ಕ ನನ್ನ ಮ್ಯಾಲ ಯಾಕ ಸಿಟ್ಟು ಬರಬೇಕ್ರಿ?"

"ಮತ್ತ ಕಡದ ಯಾಕ ಬಿಟ್ಟ ಹೋತು?"

"ಅದಕ್ಕ ಕೈ ಇಲ್ಲ ನೋಡ್ರಿ. ಏನರ ತಿಳಕೋಬೇಕಂದ್ರ ಬಾಯೀಲೇ ತಿಳಕೋಬೇಕು. ನೀವು ಸಂತ್ಯಾಗ ಬೆಂಡಿಕಾಯಿ ತುದಿ ಮುರದ ನೋಡತೀರಲ್ಲ, ಹಂಗ. ಕಡದ ನೋಡ್ತು, ತನ್ನ ಊಟ ಅಲ್ಲಂತ ಗೊತ್ತಾತು, ಬಿಟ್ಟ ಹೋತು."

ಅಪ್ಪನಿಗೆ ಕೆಮ್ಮು ಬಂತು. ಸಂತೆಯಲ್ಲಿ ಅಜ್ಜಿ ಮುರಿದು ಬಿಟ್ಟ ಬೆಂಡೆಕಾಯಿಯಲ್ಲಿ ಒಂದು ಮನೆಯವರು ಹೊಟ್ಟೆ ತುಂಬ ಉಣ್ಣಬಹುದಿತ್ತು. ಕಾಯಿಪಲ್ಲೆ ಮಾರುವವರು ಅವಳನ್ನು ಕಂಡರೆ ಬುಟ್ಟಿಗೆ ಅರಿವೆ ಮುಚ್ಚುತ್ತಿದ್ದರು. ಆದರೆ ಅಜ್ಜಿ ನಗಲಿಲ್ಲ. ಅವಳ ದನಿ ಇಳಿದಿತ್ತು.

"ಹಂಗಾರ ನಿಮ್ಮದೇನೂ ತಪ್ಪ ಇದ್ದಿಲ್ಲ?"

"ಇಲ್ರಿ."

"ನಿಮ್ಮ ಮನ್ಯಾಗಿನವರದು?"

ಅವರು ತಾಯಿಯ ಕಡೆ ನೋಡಿದರು. "ಅವ್ವ ಭಾಳ ಹುಡಕಿದ್ಲರಿ, ಯಾವ ಹರಕಿ ಮರತೆ, ಯಾವ ವ್ರತ ತಪ್ಪಿತು ಅಂತ. ಹುಡಕಿ ಹುಡಕಿ ಸೊರಗಿದ್ಲು. ಯಾರ ತಪ್ಪೂ ಇಲ್ಲರಿ. ನಾ ಯಾರಂತ ಅದಕ್ಕ ಗೊತ್ತೇ ಇದ್ದಿಲ್ಲ."

ಆ ತಾಯಿ ಹೌದೆಂದು ತಲೆಯಾಡಿಸಿದರು. ಅಜ್ಜಿ ಅವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಎಣ್ಣೆ ಹಚ್ಚುವಾಗ ನೋಡುತ್ತಿದ್ದ ಹಾಗಲ್ಲ, ಬೇರೆ ರೀತಿ ನೋಡಿದಳು. ಇಷ್ಟು ವರ್ಷ ಈ ಮುದುಕಿ ಏನನ್ನು ಹೊತ್ತುಕೊಂಡು ತಿರುಗುತ್ತಿದ್ದಳೆಂದು ಆಗ ನನಗೆ ಪೂರ್ತಿ ತಿಳಿಯಿತು. ಎದ್ದು ಹೋಗಿ ಅವಳನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಕನ್ಯೆಯಾಗಿ ಕೂತವಳು ಹಾಗೆಲ್ಲ ಎದ್ದು ಓಡಾಡುವಂತಿರಲಿಲ್ಲ.

"ನೀವೂ ಕೇಳೂದೇನರ ಇದ್ರ ಕೇಳ್ರಿ," ಎಂದರು ಅಪ್ಪ ಬೀಗರಾಗಬಹುದಾದವರಿಗೆ. ಹಾಡು ಬರುತ್ತದೆಯೇ, ಹೋಳಿಗೆ ಬರುತ್ತದೆಯೇ ಎಂಬುದಕ್ಕೆಲ್ಲ ನನ್ನಲ್ಲಿ ಉತ್ತರ ಸಿದ್ಧವಿತ್ತು. ಅವರು ಏನೂ ಕೇಳಲಿಲ್ಲ. ಅಷ್ಟರಲ್ಲಿ ಅಜ್ಜಿ, ಹಿಂದೆ ಯಾವ ವರನ ಮುಂದೆಯೂ ಹೇಳದ ಮಾತು ಹೇಳಿದಳು. "ನೀನೂ ಕೇಳವಾ, ಕೇಳೂದಿದ್ರ."

ಕೇಳುವುದು ಒಂದೇ ಇತ್ತು. ಬಂದಾಗಿನಿಂದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ನೋವು ಭಾಳ ಆಗಿತ್ತೇನ್ರಿ?"

ಅವರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. "ಭಾಳ ಆಗಿತ್ತು," ಎಂದರು. ಆಮೇಲೆ ನನ್ನ ಮುಖವನ್ನು ನೋಡಿದರು. ಉಳಿದವರು ನೋಡಿದ ಕೂಡಲೇ ಕಣ್ಣು ತಿರುಗಿಸುತ್ತಿದ್ದರು, ಇವರು ತಿರುಗಿಸಲಿಲ್ಲ.

"ನಿಮಗ?" ಎಂದರು.

ದೇವಿ ಯಾಕೆ ಬಂದಳು ಎಂದು ಕೇಳಿದವರಿದ್ದರು, ಯಾರ ತಪ್ಪು ಎಂದು ಕೇಳಿದವರಿದ್ದರು. ನನಗೆ ನೋವಾಯಿತೇ ಎಂದು ಯಾರೂ ಕೇಳಿರಲಿಲ್ಲ.

"ನನಗೂ ಭಾಳ ಆಗಿತ್ತು," ಎಂದೆ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮೂಗು ಸೀಟಿ, ಅಪ್ಪನ ಕಡೆ ತಿರುಗಿದಳು.

"ಸುಮ್ಮನ ಏನ ಕೂತೀಯೋ," ಎಂದಳು. "ಪಂಚಾಂಗ ತಗೀ."