ಕವಳ ಮುಗಿಯದೆ ಕಿಡಿ ಇಲ್ಲ

ಬೆಳಗಿನ ಆರೂಮುಕ್ಕಾಲು. ಸಾಗರದ ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ಮೂಕಮ್ಮ ಕುಂಬಳಕಾಯಿ ಗಾತ್ರದ ಉಕ್ಕಿನ ಗುಂಡಿನೊಳಗೆ ಕೈಹಾಕಿ ಮಸಿ ಒರೆಸುತ್ತಿದ್ದಾರೆ. ಒಳಗೆ ಎದುರುಬದುರು ಎರಡು ಸೂಜಿ. ಪ್ರೊಪೇನ್, ಬ್ಯೂಟೇನ್, ಗಾಳಿ ಒಂದಾದ ಮೇಲೊಂದು ಅಳತೆಯಂತೆ ತುಂಬಿ ಕೆಂಪು ಗುಂಡಿ ಒತ್ತಿದರೆ ಸೂಜಿಗಳ ನಡುವೆ ಕಿಡಿ. ಯಾವ ಮಿಶ್ರಣ ಎಷ್ಟು ಸಣ್ಣ ಕಿಡಿಗೆ ಹೊತ್ತಿಕೊಳ್ಳುತ್ತದೆ ಎಂಬುದೇ ಇಲ್ಲಿನ ಸಂಶೋಧನೆ.

‘ಗ್ಯಾಸ್ ಹಚ್ಚೋದು ಯಾರಿಗ್ ಬರಲ್ಲ ಹೇಳಿ? ಹತ್ತದೇ ಇದ್ರೆ ಎಂತಕ್ಕೆ ಹತ್ತಲಿಲ್ಲ ಅಂತ ನೋಡೋದು ನಮ್ ಕೆಲ್ಸ’ ಎನ್ನುತ್ತಾರೆ.

ಹೊಸನಗರದ ಕಡೆಯ ಈ ಐವತ್ತನಾಲ್ಕರ ಹೆಂಗಸು ಓದಿದ್ದು ಏಳನೇ ಕ್ಲಾಸು. ಕಸ ಗುಡಿಸಲು ಬಂದು ಹತ್ತೊಂಬತ್ತು ವರ್ಷವಾಯಿತು, ಕೆಲಸ ಇನ್ನೂ ಕಾಯಂ ಆಗಿಲ್ಲ. ಮೊದಲ ಬಸ್ಸು ತಪ್ಪಿದರೆ ಅರ್ಧ ದಿನ ಹೋದಂತೆ. ಹನ್ನೊಂದು ವರ್ಷದ ಹಿಂದೆ ತಂತ್ರಜ್ಞ ರಜೆ ಹಾಕಿದ ದಿನ ‘ನೀನೇ ಒತ್ತು’ ಎಂದಿದ್ದರು ಪ್ರಯೋಗಾಲಯ ನೋಡಿಕೊಳ್ಳುವ ಮೇಷ್ಟ್ರು. ಅಂದಿನಿಂದ ಗುಂಡಿ ಇವರದೇ ಆಯಿತು. ದಿನಕ್ಕೆ ಹದಿನಾಲ್ಕು ಕಿಡಿ.

ಕಳೆದ ಜೂನ್‌ನಲ್ಲಿ ತೀರ್ಥಹಳ್ಳಿಯಿಂದ ಶ್ರೀಕಾಂತ ಬಂದ. ಡಿಪ್ಲೊಮಾ ಓದಿದ ಹುಡುಗ, ಇಸ್ತ್ರಿ ಅಂಗಿ. ಗುಂಡಿ ಅವನ ಕೈಗೆ ಹೋಯಿತು, ಮೂಕಮ್ಮನ ಕೈಗೆ ಮತ್ತೆ ಒರೆಸುವ ಬಟ್ಟೆ.

‘ಹೊಟ್ಟೆ ಉರೀತು ಮಾರಾಯ್ರೆ, ಸುಳ್ಳ್ ಎಂತಕ್ಕೆ ಹೇಳ್ಲಿ? ಅವನ ಅಂಗಿ ಕಂಡ್ರೂ ಉರೀತಿತ್ತು, ಅವನ ಬುತ್ತಿ ಕಂಡ್ರೂ ಉರೀತಿತ್ತು.’

ಶ್ರೀಕಾಂತ ಚುರುಕು. ಹದಿನಾಲ್ಕು ಕಿಡಿ ಮೂವತ್ತಾಯಿತು. ಎಲ್ಲರೂ ಭೇಷ್ ಎಂದರು. ಆದರೆ ಸಂಶೋಧನಾ ವಿದ್ಯಾರ್ಥಿನಿ, ಮೇಳಿಗೆಯ ಬಿಂದುವಿನ ಅಂಕಿಗಳು ದಾರಿ ತಪ್ಪಿದವು. ಬೆಳಿಗ್ಗೆ ಹೊತ್ತಿಕೊಂಡ ಮಿಶ್ರಣ ಮಧ್ಯಾಹ್ನ ಅದೇ ಕಿಡಿಗೆ ಹೊತ್ತದು. ಸೂಜಿ ಬದಲಾಯಿಸಿದರು, ಪೈಪು ಬಿಚ್ಚಿ ಒಣಗಿಸಿದರು. ಮೂಕಮ್ಮ ನೆಲ ಒರೆಸುತ್ತ ಎಲ್ಲ ನೋಡಿದರು.

ಅವರಿಗೆ ಗೊತ್ತಿತ್ತು. ಇಷ್ಟು ವರ್ಷ ಅನಿಲ ತುಂಬಿದ ಮೇಲೆ ಪ್ರತಿ ಸಲವೂ ಅವರು ಹೊರಗೆ ಕಟ್ಟೆಗೆ ಹೋಗಿ ಒಂದು ಕವಳ ಜಗಿಯುತ್ತಿದ್ದರು. ಒಳಗೆ ಎಲೆಅಡಿಕೆ ಹಾಕುವಂತಿಲ್ಲವಲ್ಲ! ಸೋಮಾರಿತನ ಎಂದು ಆಡಿಕೊಂಡವರೇ ಎಲ್ಲ. ಆದರೆ ಕವಳ ಮುಗಿಯುವಷ್ಟರಲ್ಲಿ ಗುಂಡಿನೊಳಗಿನ ಅನಿಲಗಳು ಚೆನ್ನಾಗಿ ಬೆರೆತು, ಸುಳಿದಾಟ ನಿಂತಿರುತ್ತಿತ್ತು. ಶ್ರೀಕಾಂತ ತುಂಬಿದ ತಕ್ಷಣ ಒತ್ತುತ್ತಿದ್ದ.

‘ಸ್ವಲ್ಪ ತಡಿಯಪ್ಪ ಅಂದಿದ್ರೆ ಆಗೋದು. ಹೇಳ್ಲಿಲ್ಲ. ಅನುಭವಿಸ್ಲಿ ಅಂತ ಆರು ವಾರ ಬಾಯ್ ಮುಚ್ಕೊಂಡಿದ್ದೆ. ತಪ್ಪೇ ಅದು.’

ಬಾಯಿ ಬಿಡಿಸಿದ್ದು ಒಂದು ಶುಕ್ರವಾರ. ‘ಹಳೇ ಅಂಕಿಗಳೇ ತಪ್ಪಿರಬೇಕು, ತೆಗೆದುಹಾಕು’ ಎಂದರು ಮೇಷ್ಟ್ರು. ಹಳೆಯವು ಅಂದರೆ ಮೂಕಮ್ಮ ಒತ್ತಿದವು, ಬಿಂದುವಿನ ಎರಡು ವರ್ಷದ ದುಡಿಮೆ. ಹುಡುಗಿ ಮೆಟ್ಟಿಲ ಮೇಲೆ ಕೂತು ಅತ್ತಳು. ಮೂಕಮ್ಮ ಒರೆಸುವ ಬಟ್ಟೆ ಬಿಸಾಕಿ ಒಳಗೆ ನಡೆದರು.

‘ಏಳು ಶ್ರೀಕಾಂತ, ಗುಂಡಿ ಬಿಡು.’

‘ಮೂಕಕ್ಕ, ಮುಟ್ಬೇಡಿ, ಸರ್ ಬೈತಾರೆ!’

‘ಬೈಲಿ.’

ಅನಿಲ ತುಂಬಿದರು, ಕಟ್ಟೆಗೆ ಹೋಗಿ ಎಲೆಗೆ ಸುಣ್ಣ ಸವರಿದರು. ಮೇಷ್ಟ್ರೂ ಸೇರಿದಂತೆ ಎಲ್ಲರೂ ಈ ಹೆಂಗಸು ಕವಳ ಜಗಿಯುವುದನ್ನು ನೋಡುತ್ತ ನಿಂತರು. ಹನ್ನೆರಡು ನಿಮಿಷ. ಬಾಯಿ ಮುಕ್ಕಳಿಸಿ ಬಂದು ಒತ್ತಿದರು, ಹೊತ್ತಿಕೊಂಡಿತು. ಐದು ಸಲ ಮಾಡಿದರು, ಐದು ಸಲವೂ ಹಳೆಯ ಅಂಕಿಯೇ ಬಂತು.

ಈಗ ಬಿಂದುವಿನ ಪ್ರಬಂಧದಲ್ಲಿ ‘ತುಂಬಿದ ನಂತರ ಹನ್ನೆರಡು ನಿಮಿಷ ಕಾಯಬೇಕು’ ಎಂಬ ಒಂದು ಸಾಲಿದೆ. ಮೂಕಮ್ಮನ ಹೆಸರಿಲ್ಲ. ಬೆಳಗಿನ ಮೊದಲ ಕಿಡಿ ಮಾತ್ರ ಅವರಿಗೆ ಬಿಟ್ಟಿದ್ದಾರೆ, ಉಳಿದವು ಶ್ರೀಕಾಂತನಿಗೆ. ಅವನು ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದಾನೆ.

‘ನನ್ ಗುಟ್ಟು ಅವನ ಫೋನಿಗೂ ಗೊತ್ತಾಯ್ತಲ್ಲ, ಅದಕ್ಕೂ ಹೊಟ್ಟೆ ಉರೀತದೆ’ ಎಂದು ನಗುತ್ತಾರೆ. ‘ಹೆಸರು ಗಿಸರು ಬ್ಯಾಡ. ಕೈಕಾಲು ಗಟ್ಟಿ ಇರೋ ತಂಕ ಮೊದಲ್ನೇ ಕಿಡಿ ನಂದಾಗಿದ್ರೆ ಸಾಕು.’

ಒಳಗೆ ಅಲಾರಂ ಹೊಡೆದುಕೊಳ್ಳುತ್ತದೆ. ‘ಮೂಕಕ್ಕ, ಆಯ್ತು, ಬನ್ನಿ’ ಎಂದು ಶ್ರೀಕಾಂತ ಕೂಗುತ್ತಾನೆ. ಮೂಕಮ್ಮ ಕಟ್ಟೆಯಿಂದ ಅಲುಗುವುದಿಲ್ಲ.

‘ಕಾಯ್ಲಿ ಬಿಡಿ. ನನ್ ಕವಳ ಇನ್ನೂ ಮುಗ್ದಿಲ್ಲ.’